ಹೇಳದೆ ಕೇಳದೆ ಒಳಗೆ ಬರುವವರು: ಪೊಲೀಸರ ಜೊತೆ ಸೇರಿ ತಡೆಯುವುದು ಹೇಗೆ? ಕೊಡಗಿನ ತೋಟ, ಹೋಂಸ್ಟೇ, ಅಂಗಡಿಯವರಿಗೆ ಸಮಗ್ರ ಮಾರ್ಗದರ್ಶಿ

ಹೂ ಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಕಾಫಿ ಹೂ ಬಿರಿಯುತ್ತದೆ. ಆ ಎರಡು ಮೂರು ದಿನ ತೋಟದವರು ಗಿಡದ ನಡುವೆ ಕಾಲಿಡುವುದಿಲ್ಲ. ಕೆಲಸದವರನ್ನೂ ಬಿಡುವುದಿಲ್ಲ. ಹೂ ಉದುರಿದರೆ ಅಷ್ಟು ಕಾಯಿ ಹೋಯಿತು ಅಂತಲೇ ಲೆಕ್ಕ. ಅದೇ ದಿನಗಳಲ್ಲಿ ರಸ್ತೆ ಬದಿ ಸಾಲಾಗಿ ಕಾರು ನಿಲ್ಲುತ್ತವೆ. ಬೇಲಿ ಸರಿಸಿ ಒಳಗೆ ಬರುತ್ತಾರೆ. ಫೋಟೋಗೆ ಅಂತ ಹೂ ತುಂಬಿದ ರೆಕ್ಕೆ (ಕಾಫಿ ಗಿಡದ ಕೊಂಬೆ) ಬಗ್ಗಿಸುತ್ತಾರೆ, ಲಟಕ್ ಅಂತ ಮುರಿಯುತ್ತದೆ.

ನಮ್ಮದು ಚಿಕ್ಕ ತೋಟ. ಅದರಲ್ಲೇ ನಾಲ್ಕು ಕೋಣೆಯ ಹೋಂಸ್ಟೇ. ರಸ್ತೆ ಬದಿ ಕಾಫಿ ಪುಡಿ, ಜೇನು, ಕರಿಮೆಣಸು ಮಾರುವ ಅಂಗಡಿ. ಕೆಲವು ವರ್ಷದ ಹಿಂದೆ ಹೀಗೇ ಎಂಟು ಜನ ಹುಡುಗರು ಹೂ ತೋಟಕ್ಕೆ ನುಗ್ಗಿದರು. ಬೈದೆ, ಅವರೂ ಬೈದರು, ಕೊನೆಗೆ ಹೋದರು. ಕೋಪದಲ್ಲೇ ಠಾಣೆಗೆ ಹೋದೆ. ಅಲ್ಲಿ ಬರೆದುಕೊಳ್ಳುತ್ತಿದ್ದವರು ನಾಲ್ಕು ಪ್ರಶ್ನೆ ಕೇಳಿದರು. ಎಷ್ಟು ಗಂಟೆಗೆ ಬಂದರು? ಬರಬಾರದು ಅಂತ ಅವರಿಗೆ ಹೇಗೆ ಗೊತ್ತಿತ್ತು? ಹೊರಗೆ ಹೋಗಿ ಅಂತ ಯಾರು ಹೇಳಿದರು, ಅದಕ್ಕೆ ಅವರು ಏನಂದರು? ಗಾಡಿ ನಂಬರ್ ಏನು? ಒಂದಕ್ಕೂ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಬರಿಗೈಯಲ್ಲಿ ವಾಪಸ್ ಬಂದೆ. ಆವತ್ತು ಪೊಲೀಸರ ಮೇಲೇ ಸಿಟ್ಟು ಬಂದಿತ್ತು. ಆಮೇಲೆ ಕಾನೂನು ಓದಿದಾಗ ಗೊತ್ತಾಯಿತು, ಆ ನಾಲ್ಕು ಪ್ರಶ್ನೆ ಸರಿಯಾಗಿಯೇ ಇದ್ದವು. ಅವಕ್ಕೆ ಉತ್ತರ ಮೊದಲೇ ತಯಾರಿದ್ದರೆ ಪೊಲೀಸರು ಕೆಲಸ ಮಾಡಬಹುದು, ಇಲ್ಲದಿದ್ದರೆ ಅವರ ಕೈಯೂ ಕಟ್ಟಿದ ಹಾಗೆ. ಈ ಬರಹವೆಲ್ಲ ಆ ಉತ್ತರಗಳನ್ನು ಜೋಡಿಸಿಕೊಳ್ಳುವುದು ಹೇಗೆ ಅನ್ನುವುದರ ಬಗ್ಗೆಯೇ.

ಮೊದಲು ಕಾನೂನು: ಬಂದದ್ದೆಲ್ಲ ಅಪರಾಧ ಅಲ್ಲ

2024ರ ಜುಲೈ 1ರಿಂದ ಹಳೆಯ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಮೊದಲು 447, 448 ಅನ್ನುತ್ತಿದ್ದ ಅತಿಕ್ರಮ ಪ್ರವೇಶ ಈಗ ಕಲಂ 329ರಲ್ಲಿದೆ. ಬೇರೆಯವರ ಸ್ವಾಧೀನದಲ್ಲಿರುವ ಜಾಗಕ್ಕೆ ಅಪರಾಧ ಮಾಡುವ, ಹೆದರಿಸುವ, ಅವಮಾನ ಮಾಡುವ ಅಥವಾ ಕಿರುಕುಳ ಕೊಡುವ ಉದ್ದೇಶದಿಂದ ಬಂದರೆ ಅದು ಅಪರಾಧ. ಒಪ್ಪಿಗೆಯಿಂದಲೇ ಒಳಗೆ ಬಂದು, ಆಮೇಲೆ ಅಂಥ ಉದ್ದೇಶ ಇಟ್ಟುಕೊಂಡು ಅಕ್ರಮವಾಗಿ ಅಲ್ಲೇ ಉಳಿದರೂ ಅಪರಾಧವೇ.

ಇಲ್ಲಿ ತೂಕದ ಮಾತು ‘ಉದ್ದೇಶ’. ದಾರಿ ತಪ್ಪಿ ತೋಟದೊಳಗೆ ಬಂದವನ ಮೇಲೆ ಕೇಸ್ ನಿಲ್ಲುವುದಿಲ್ಲ, ನಿಲ್ಲಲೂಬಾರದು. ಬೋರ್ಡು ಕಂಡೂ, ಗೇಟು ದಾಟಿ, ಹೋಗಿ ಅಂದರೂ ಹೋಗದೆ, ಎದುರಿಗೇ ರೆಕ್ಕೆ ಮುರಿಯುತ್ತಾ ನಿಂತವನ ಉದ್ದೇಶ ಏನು ಅಂತ ಯಾರಿಗಾದರೂ ಅರ್ಥವಾಗುತ್ತದೆ, ಅಲ್ವಾ? ಠಾಣೆಯಲ್ಲಿ ಕೇಳಿದ ಎರಡನೇ, ಮೂರನೇ ಪ್ರಶ್ನೆ ಇದಕ್ಕಾಗಿಯೇ.

ಜಾಗ ಯಾವುದು ಅನ್ನುವುದೂ ಮುಖ್ಯ. ಬಯಲು ತೋಟ, ಕಾಫಿ ಒಣಗಿಸುವ ಕಣ ಇವುಗಳಿಗೆ ನುಗ್ಗಿದರೆ ಕಲಂ 329(3): 3 ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಜನ ವಾಸ ಮಾಡುವ ಕಟ್ಟಡ, ಪೂಜೆಯ ಜಾಗ, ಸಾಮಾನು ಇಟ್ಟು ಕಾಯುವ ಕಟ್ಟಡಕ್ಕೆ ನುಗ್ಗಿದರೆ ಅದು ಗೃಹ ಅತಿಕ್ರಮ ಪ್ರವೇಶ, ಕಲಂ 329(4). ಅದಕ್ಕೆ ಜೈಲು 1 ವರ್ಷದವರೆಗೆ. ನಿಮ್ಮ ಅಂಗಡಿ, ಗೋಡೌನ್, ಹೋಂಸ್ಟೇ ಕೋಣೆ ಇದರಲ್ಲಿ ಬರುತ್ತವೆ. ಬೀಗ ಒಡೆದು ನುಗ್ಗಿದರೆ ಕಲಂ 331, ರಾತ್ರಿಯಾದರೆ ಶಿಕ್ಷೆ ಇನ್ನೂ ಜಾಸ್ತಿ. ಆದ್ದರಿಂದ ದೂರಿನಲ್ಲಿ ‘ನಮ್ಮ ಜಾಗಕ್ಕೆ ಬಂದರು’ ಅಂತ ಬರೆದು ಸುಮ್ಮನಾಗಬೇಡಿ. ಕಣಕ್ಕೋ, ಗೋಡೌನ್ ಒಳಕ್ಕೋ, ಕೋಣೆಗೋ ಅಂತ ಬಿಡಿಸಿ ಬರೆಯಿರಿ. ಕಲಂ ಬದಲಾಗುವುದು ಅಲ್ಲೇ.

ಕಲಂ 329ರ ಈ ಎರಡು ಅಪರಾಧಗಳಲ್ಲೂ ಪೊಲೀಸರು ಕೋರ್ಟಿನ ಅನುಮತಿ ಇಲ್ಲದೆ ಎಫ್ಐಆರ್ ಮಾಡಬಹುದು. ಜೊತೆಗೆ ಇವು ಜಾಮೀನು ಸಿಗುವ ಅಪರಾಧಗಳು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಒಂದು ಕಡೆ ಇದೇ ಮುಖ್ಯವಾಗುತ್ತದೆ.

ಹಂತ 1: ಕಾಗದ ಮತ್ತು ಗಡಿ

ಪೊಲೀಸರು ಮೊದಲು ನೋಡುವುದು ಜಾಗ ಯಾರ ಸ್ವಾಧೀನದಲ್ಲಿದೆ ಅಂತ. ಒಂದು ಫೈಲ್ ಮಾಡಿ. ಅದರಲ್ಲಿ ಪಹಣಿ, ಸರ್ವೆ ಸ್ಕೆಚ್, ಅಂಗಡಿಯಾದರೆ ಟ್ರೇಡ್ ಲೈಸೆನ್ಸ್, ಬಾಡಿಗೆ ಜಾಗವಾದರೆ ಬಾಡಿಗೆ ಕರಾರು, ಹೋಂಸ್ಟೇ ಆದರೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಪತ್ರ, ಕರೆಂಟ್ ಬಿಲ್ ಇರಲಿ. ಬಾಡಿಗೆಗೆ ಅಂಗಡಿ ನಡೆಸುವವರು ‘ನಾನು ಮಾಲೀಕ ಅಲ್ಲವಲ್ಲ’ ಅಂತ ಹಿಂಜರಿಯಬೇಕಿಲ್ಲ. ಕಾನೂನು ಹೇಳುವುದು ಸ್ವಾಧೀನದ ಬಗ್ಗೆ. ಬೀಗದ ಕೈ ಯಾರ ಹತ್ತಿರ ಇದೆಯೋ ಅವರೂ ದೂರು ಕೊಡಬಹುದು.

ನಮ್ಮ ಕಡೆ ಇನ್ನೊಂದು ತೊಡಕಿದೆ. ಜಮ್ಮಾ ಜಾಗದ (ಕೊಡಗಿನ ಹಳೆಯ ವಂಶಪಾರಂಪರ್ಯ ಹಿಡುವಳಿ) ಪಹಣಿಯಲ್ಲಿ ಒಕ್ಕದ, ಅಂದರೆ ಒಂದೇ ವಂಶದ ಕುಟುಂಬದ, ಹತ್ತಾರು ಹೆಸರು ಇರುತ್ತವೆ. ಅರ್ಧ ಜನ ಬೆಂಗಳೂರು, ಮೈಸೂರಿನಲ್ಲಿ. ಹಾಗಿದ್ದಾಗ ಈ ಭಾಗವನ್ನು ನೋಡಿಕೊಳ್ಳುತ್ತಿರುವುದು ಇಂಥವರು ಅಂತ ಉಳಿದವರಿಂದ ಒಂದು ಸಹಿ ಪತ್ರ ಮಾಡಿಸಿಟ್ಟುಕೊಳ್ಳಿ. ಊರಿನಲ್ಲಿ ಇರದ ಮಾಲೀಕರು ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರಿಗೋ ಮ್ಯಾನೇಜರಿಗೋ ಒಂದು ಅಧಿಕಾರ ಪತ್ರ ಕೊಟ್ಟಿರಲಿ. ರಾತ್ರಿ 11ಕ್ಕೆ ಪೊಲೀಸರು ಬಂದಾಗ ‘ಸರ್, ಓನರ್ ದುಬೈಯಲ್ಲಿ ಇದ್ದಾರೆ’ ಅಂದರೆ ಕೆಲಸ ಅಲ್ಲೇ ನಿಲ್ಲುತ್ತದೆ.

ಗಡಿ ಬಗ್ಗೆ ಪಕ್ಕದವರ ಜೊತೆ ತಕರಾರು ಇದ್ದರೆ ಅದನ್ನು ಅತಿಕ್ರಮ ಪ್ರವೇಶದ ದೂರು ಮಾಡಲು ಹೋಗಬೇಡಿ. ‘ಇದು ಸಿವಿಲ್ ಮ್ಯಾಟರ್’ ಅಂತ ಠಾಣೆಯಲ್ಲಿ ಹೇಳುತ್ತಾರೆ, ಅದು ಸರಿಯೂ ಹೌದು. ಮೊದಲು ಹದ್ದುಬಸ್ತಿಗೆ ಅರ್ಜಿ ಹಾಕಿ, ಸರ್ವೆಯವರು ಬಂದು ಅಳೆದು ಕಲ್ಲು ತೋರಿಸಲಿ. ಆಗಲೂ ಬಗೆಹರಿಯದಿದ್ದರೆ ಸಿವಿಲ್ ಕೋರ್ಟಿನಿಂದ ತಡೆಯಾಜ್ಞೆ. ಗಡಿ ಜಗಳ ಹೊಡೆದಾಟಕ್ಕೆ ಹೋಗುವ ಹಾಗಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದದ್ದು) ಕಲಂ 164ರಲ್ಲಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಮುಂದೆ ವಿಚಾರಣೆ ನಡೆಯುತ್ತದೆ. ಅದಕ್ಕೆ ವರದಿ ಕಳಿಸುವವರು ಪೊಲೀಸರೇ.

ದಾರಿಯ ವಿಷಯದಲ್ಲೂ ಹುಷಾರು. ತೋಟದೊಳಗೆ ಊರವರು ದೇವರಕಾಡಿಗೆ, ಹೊಳೆಗೆ, ಒಕ್ಕದ ಮೂಲ ಮನೆಯಾದ ಐನ್‌ಮನೆಗೆ ನಡೆದು ಹೋಗುವ ಕಾಲುದಾರಿಗಳು ಎಷ್ಟೋ ಇವೆ. 1882ರ ಈಸ್‌ಮೆಂಟ್ ಕಾಯ್ದೆ ಪ್ರಕಾರ ಒಂದು ದಾರಿಯನ್ನು ತಮ್ಮ ಹಕ್ಕು ಅಂತಲೇ 20 ವರ್ಷ ಅಡೆತಡೆ ಇಲ್ಲದೆ ಬಳಸಿದವರಿಗೆ ಅದರ ಮೇಲೆ ಹಕ್ಕು ಬರಬಹುದು. ಅಂಥ ದಾರಿಗೆ ಗೇಟು ಹಾಕಿ ಅಜ್ಜಿಯೊಬ್ಬರ ಮೇಲೆ ದೂರು ಕೊಟ್ಟರೆ ಕೇಸ್ ಬೀಳುತ್ತದೆ, ಊರಿನಲ್ಲಿ ಮಾನವೂ ಹೋಗುತ್ತದೆ. ಲೈನ್ ಮನೆಯಲ್ಲಿ (ತೋಟದ ಕೆಲಸದವರ ಸಾಲು ಮನೆ) ಇರುವ ಕೆಲಸದವರೂ, ಅವರನ್ನು ನೋಡಲು ಬರುವ ನೆಂಟರೂ ಅತಿಕ್ರಮಿಗಳಲ್ಲ. ಕೆಲಸ ಬಿಟ್ಟ ಕುಟುಂಬವನ್ನು ಲೈನ್ ಮನೆಯಿಂದ ಎಬ್ಬಿಸಲು ಪೊಲೀಸರನ್ನು ಕರೆಯುವುದು ತಪ್ಪು. ಅದಕ್ಕೆ ಬೇರೆ ಕ್ರಮ ಇದೆ, ವಕೀಲರನ್ನು ಕೇಳಿ.

ಹಂತ 2: ಬೋರ್ಡು

‘ಬರಬಾರದು ಅಂತ ಅವರಿಗೆ ಹೇಗೆ ಗೊತ್ತಿತ್ತು?’ ಅನ್ನುವ ಪ್ರಶ್ನೆಗೆ ಅತಿ ಅಗ್ಗದ ಉತ್ತರ ಬೋರ್ಡು. ಆದರೆ ನಮ್ಮಲ್ಲಿ ಬಹಳ ಬೋರ್ಡುಗಳು ಗೇಟಿನ ಕಂಬದಲ್ಲಿ, ಕಳ್ಳಿಗಿಡದ ಹಿಂದೆ, ಪಾಚಿ ಹಿಡಿದು ಓದಲಾಗದ ಹಾಗೆ ಇರುತ್ತವೆ. ಜನ ಗೇಟಿನಿಂದ ಬರುವುದಿಲ್ಲ. ಕಾರು ನಿಲ್ಲಿಸುವ ಜಾಗದಿಂದ, ಬೇಲಿ ಸಡಿಲ ಇರುವ ಕಡೆಯಿಂದ ಬರುತ್ತಾರೆ. ಬೋರ್ಡು ಅಲ್ಲಿರಬೇಕು.

ಭಾಷೆ ಕನ್ನಡ, ಇಂಗ್ಲಿಷ್ ಎರಡೂ ಇರಲಿ. ಕುಟ್ಟ, ಮಾಕುಟ್ಟ ಕಡೆಯ ರಸ್ತೆಯಾದರೆ ಮಲಯಾಳವನ್ನೂ ಸೇರಿಸಿ. ಮಾತು ಚಿಕ್ಕದಾಗಿರಲಿ: ‘ಖಾಸಗಿ ತೋಟ. ಅನುಮತಿ ಇಲ್ಲದೆ ಒಳಗೆ ಬರಬಾರದು. ಆನೆ ಓಡಾಡುವ ಜಾಗ. ಕ್ಯಾಮೆರಾ ಇದೆ. ತುರ್ತಿಗೆ 112.’ ಆನೆಯ ಮಾತು ನಾನು ಆಮೇಲೆ ಸೇರಿಸಿದ್ದು. ಸುಂಟಿಕೊಪ್ಪ, ಸಿದ್ದಾಪುರ ಕಡೆ ಅದು ನಿಜವೂ ಹೌದು. ಶಿಕ್ಷೆಯ ಮಾತಿಗಿಂತ ಆನೆಯ ಮಾತಿಗೆ ಜನ ಬೇಗ ಹಿಂದೆ ಸರಿಯುತ್ತಾರೆ. ಆನೆ ಇಲ್ಲದ ಕಡೆ ಸುಮ್ನೆ ಬರೆಯಬೇಡಿ, ಬೋರ್ಡಿನ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ.

ಹಾಕಿದ ಮೇಲೆ ಪ್ರತಿ ಬೋರ್ಡಿನ ಫೋಟೋ ತೆಗೆದು ತಾರೀಖು ಬರೆದು ಫೈಲಿಗೆ ಸೇರಿಸಿ. ಮಳೆಗಾಲ ಮುಗಿದ ಮೇಲೆ ಒರೆಸಿ, ಮತ್ತೆ ಫೋಟೋ ತೆಗೆಯಿರಿ. ಅಂಗಡಿಯವರು ಕ್ಯಾಶ್ ಕೌಂಟರ್ ಹಿಂದೆ, ಗೋಡೌನ್ ಬಾಗಿಲಿಗೆ ‘ಸಿಬ್ಬಂದಿಗೆ ಮಾತ್ರ’ ಅಂತ ಹಾಕಿ. ಅಂಗಡಿ ಎಲ್ಲರಿಗೂ ತೆರೆದ ಜಾಗ, ಎಲ್ಲಿಂದ ಒಳಗೆ ತೆರೆದಿಲ್ಲ ಅಂತ ನೀವೇ ಗೆರೆ ಹಾಕಬೇಕು.

ಬೇಲಿ ಬಗ್ಗೆ ಒಂದೇ ಮಾತು. ಮಾನ್ಯತೆ ಇರುವ ಯಂತ್ರದ ಸೋಲಾರ್ ಬೇಲಿ ಸರಿ. ಲೈನಿನಿಂದ ನೇರ ಕರೆಂಟ್ ಕೊಡುವುದು ಅಪರಾಧ. ಜೀವ ಹೋದರೆ ಜೈಲಿಗೆ ಹೋಗುವವರು ನೀವು.

ಹಂತ 3: ಏನೂ ಆಗದ ದಿನ ಠಾಣೆಗೆ ಹೋಗಿ

ನನ್ನ ಅನುಭವದಲ್ಲಿ ಅತಿ ಹೆಚ್ಚು ಲಾಭ ಆದದ್ದು ಈ ಹಂತದಿಂದ. ಬಹಳ ಜನ ಇದನ್ನೇ ಬಿಡುತ್ತಾರೆ.

ಮೊದಲು ನಿಮ್ಮ ಜಾಗ ಯಾವ ಠಾಣೆಗೆ ಸೇರುತ್ತದೆ ಅಂತ ಖಚಿತ ಮಾಡಿಕೊಳ್ಳಿ. ಮಡಿಕೇರಿ, ವಿರಾಜಪೇಟೆ, ಕುಶಾಲನಗರಗಳಲ್ಲಿ ಪಟ್ಟಣ ಠಾಣೆ ಬೇರೆ, ಗ್ರಾಮಾಂತರ ಠಾಣೆ ಬೇರೆ. ದೊಡ್ಡ ತೋಟ ಎರಡು ಠಾಣೆಗಳ ಗಡಿಯಲ್ಲೂ ಬೀಳಬಹುದು. ಗಡಿ ಗೊತ್ತಿಲ್ಲ ಅಂತ ದೂರು ನಿಲ್ಲಬೇಕಿಲ್ಲ, ಯಾವ ಠಾಣೆಯಲ್ಲಾದರೂ ಝೀರೋ ಎಫ್ಐಆರ್ ಮಾಡಬಹುದು. ಆದರೆ ಪರಿಚಯ ಬೇಕಾದದ್ದು ನಿಮ್ಮ ಠಾಣೆಯವರದ್ದು.

ಬೆಳಿಗ್ಗೆ ಹೊತ್ತು, ಗಡಿಬಿಡಿ ಕಡಿಮೆ ಇರುವಾಗ ಹೋಗಿ. ಪಿಎಸ್ಐ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಎಎಸ್ಐ. ‘ನಮಸ್ತೆ ಸರ್, ಇಂಥ ಕಡೆ ನಮ್ಮ ತೋಟ ಇದೆ, ಪರಿಚಯ ಮಾಡಿಕೊಂಡು ಒಂದು ಅರ್ಜಿ ಕೊಡೋಣ ಅಂತ ಬಂದೆ’ ಅಂದರೆ ಸಾಕು. ನಿಮ್ಮ ಬೀಟ್ ಪೊಲೀಸ್ ಯಾರು ಅಂತ ಕೇಳಿ, ಅವರ ನಂಬರ್ ತೆಗೆದುಕೊಳ್ಳಿ. ಪ್ರತಿ ಊರಿಗೂ, ಪ್ರತಿ ಬಡಾವಣೆಗೂ ಒಬ್ಬ ಬೀಟ್ ಸಿಬ್ಬಂದಿ ಇರುತ್ತಾರೆ. 2025ರಲ್ಲಿ ರಾಜ್ಯದಲ್ಲಿ ಶುರುವಾದ ‘ಮನೆ ಮನೆಗೆ ಪೊಲೀಸ್’ ಕಾರ್ಯಕ್ರಮದ ಆಶಯವೂ ಪೊಲೀಸರು ತಾವೇ ಮನೆಗೆ ಬಂದು ಜನರ ತೊಂದರೆ ಕೇಳಬೇಕು ಅನ್ನುವುದೇ. ಅವರು ಬಂದಾಗ ‘ಏನೂ ಇಲ್ಲ ಸರ್’ ಅಂತ ಕಳಿಸಬೇಡಿ. ಬೇಲಿ ಸಡಿಲ ಇರುವ ಕಡೆ, ಕಣ, ಗೋಡೌನ್ ಬಾಗಿಲು, ಹಿಂದಿನ ದಾರಿ ಎಲ್ಲ ನಡೆದು ತೋರಿಸಿ. ಕತ್ತಲಲ್ಲಿ, ಮಂಜಿನಲ್ಲಿ ಬರಬೇಕಾದವರು ಅವರು. ಹಗಲಲ್ಲಿ ಒಮ್ಮೆ ನೋಡಿದ್ದರೆ ದಾರಿ ಹುಡುಕುವ ಸಮಯ ಉಳಿಯುತ್ತದೆ.

ಅರ್ಜಿಯಲ್ಲಿ ಈ ವಿಷಯ ಇರಲಿ: ಜಾಗದ ವಿವರ, ಯಾವ ತಿಂಗಳಲ್ಲಿ ಎಂಥ ತೊಂದರೆ, ಯಾವ ಹೊತ್ತಿಗೆ, ನೀವು ಏನೇನು ಮಾಡಿದ್ದೀರಿ, ಯಾವ ಹೊತ್ತಿನಲ್ಲಿ ಗಸ್ತು ಬೇಕು. ತಿಂಗಳ ಲೆಕ್ಕ ನಮ್ಮಲ್ಲಿ ಸುಲಭ. ನವೆಂಬರಿನಿಂದ ಅರೇಬಿಕಾ ಕೊಯ್ಲು, ಆಮೇಲೆ ರೊಬಸ್ಟಾ, ಕಣದಲ್ಲಿ ಕಾಫಿ ಇರುವ ಕಾಲ. ಫೆಬ್ರವರಿಯ ನಂತರ ಮೆಣಸು. ಮಾರ್ಚ್, ಏಪ್ರಿಲಿನಲ್ಲಿ ಹೂ. ಮಳೆಗಾಲದ ವಾರಾಂತ್ಯಗಳಲ್ಲಿ ಜಲಪಾತ ನೋಡಲು ಬರುವವರು. ಮಡಿಕೇರಿ ಪಟ್ಟಣದ ಅಂಗಡಿಯವರಿಗೆ ದಸರಾ ರಾತ್ರಿ. ‘ಸದಾ ಗಸ್ತು ಬೇಕು’ ಅಂತ ಕೇಳಿದರೆ ಯಾರೂ ಕೊಡಲಾರರು. ‘ಜನವರಿ 10ರಿಂದ ಫೆಬ್ರವರಿ ಕೊನೆವರೆಗೆ, ರಾತ್ರಿ 12ರಿಂದ 4ರ ನಡುವೆ ಒಂದು ಸುತ್ತು’ ಅಂತ ಕೇಳಿದರೆ ಕೊಡಬಹುದು.

ಅರ್ಜಿಯ ಎರಡನೇ ಪ್ರತಿ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಫೈಲಿಗೆ ಸೇರಿಸಿ.

ಹಂತ 4: ಜನ ಒಳಗೆ ಬಂದಾಗ

ಒಬ್ಬರೇ ಹೋಗಬೇಡಿ. ಇನ್ನೊಬ್ಬರನ್ನು ಕರೆದುಕೊಳ್ಳಿ, ಅವರೇ ಸಾಕ್ಷಿ. ಒಬ್ಬರು ಮಾತಾಡಿ, ಇನ್ನೊಬ್ಬರು ಫೋನಿನಲ್ಲಿ ವಿಡಿಯೋ ಮಾಡಲಿ. ಮೊದಲು ಗಾಡಿ ನಂಬರ್.

ಮಾತು ಹೀಗಿರಲಿ: ‘ನಮಸ್ಕಾರ. ಇದು ನಮ್ಮ ಖಾಸಗಿ ತೋಟ. ಅಲ್ಲಿ ಬೋರ್ಡು ಇದೆ. ದಯವಿಟ್ಟು ಈಗಲೇ ಹೊರಗೆ ಹೋಗಿ.’ ಅರ್ಥವಾಗದಿದ್ದರೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಹೇಳಿ. ಎರಡು ನಿಮಿಷ ಕಾಯಿರಿ. ಹೋಗದಿದ್ದರೆ ಇನ್ನೊಂದು ಸಲ: ‘ನಾನು ಎರಡನೇ ಸಲ ಹೇಳುತ್ತಿದ್ದೇನೆ. ಹೋಗದಿದ್ದರೆ ಪೊಲೀಸರಿಗೆ ಫೋನ್ ಮಾಡುತ್ತೇನೆ.’ ಅಷ್ಟೇ. ಬೈಗುಳ ಬೇಡ, ಜಾತಿ, ಊರು, ಭಾಷೆ ಎತ್ತುವುದು ಬೇಡವೇ ಬೇಡ. ಹತ್ತರಲ್ಲಿ ಒಂಬತ್ತು ಜನ ಮೊದಲ ಮಾತಿಗೇ ‘ಸಾರಿ’ ಅಂತ ಹೋಗುತ್ತಾರೆ, ಅವರನ್ನು ಬಿಟ್ಟುಬಿಡಿ. ಉಳಿದವರ ವಿಷಯದಲ್ಲಿ ನೀವು ಆಡಿದ ಆ ಎರಡು ಮಾತೇ ಮುಂದೆ ಕೇಸಿನ ಆಧಾರ.

ಇನ್ನು ಮಾಡಬಾರದ್ದು. ಕೈ ಹಾಕಬೇಡಿ. ನಾಯಿ ಬಿಡಬೇಡಿ. ಗೇಟಿಗೆ ಬೀಗ ಹಾಕಿ ಅವರ ಕಾರು ಒಳಗೇ ಸಿಕ್ಕಿಸಬೇಡಿ, ಕೀ ಕಿತ್ತುಕೊಳ್ಳಬೇಡಿ, ಫೋನ್ ಕಿತ್ತುಕೊಳ್ಳಬೇಡಿ. ಇಲ್ಲಿ ಬಹಳ ಜನ ಎಡವುತ್ತಾರೆ. ಸಾಮಾನ್ಯ ಜನ ಒಬ್ಬರನ್ನು ಹಿಡಿದು ಪೊಲೀಸರಿಗೆ ಒಪ್ಪಿಸಲು ನಾಗರಿಕ ಸುರಕ್ಷಾ ಸಂಹಿತೆಯ ಕಲಂ 40 ಅವಕಾಶ ಕೊಡುತ್ತದೆ. ಆದರೆ ಅದು ಕಣ್ಣೆದುರು ನಡೆದ, ಜಾಮೀನು ಸಿಗದ ಅಪರಾಧಕ್ಕೆ, ಅಥವಾ ಕೋರ್ಟು ಘೋಷಿಸಿದ ಅಪರಾಧಿಗೆ ಮಾತ್ರ. ಆಗಲೂ 6 ಗಂಟೆಯೊಳಗೆ ಒಪ್ಪಿಸಬೇಕು. ಬರೀ ಅತಿಕ್ರಮ ಪ್ರವೇಶ ಜಾಮೀನು ಸಿಗುವ ಅಪರಾಧ ಅಂತ ಮೊದಲೇ ಹೇಳಿದೆ. ಫೋಟೋ ತೆಗೆಯಲು ಬಂದವರನ್ನು ಕೂಡಿಹಾಕಿದರೆ ಅಕ್ರಮ ಬಂಧನದ ಕೇಸ್ ನಿಮ್ಮ ಮೇಲೆ ಬೀಳುತ್ತದೆ. ದೂರು ಕೊಡಲು ಹೋದವರು ಆರೋಪಿಯಾಗಿ ವಾಪಸ್ ಬರುತ್ತಾರೆ.

ಕೋವಿಯ ವಿಷಯ ಬೇರೆಯಾಗಿಯೇ ಹೇಳಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಮತ್ತೆ ಹತ್ತು ವರ್ಷಕ್ಕೆ, 2029ರವರೆಗೆ ಮುಂದುವರಿಸಿತು. ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಪ್ರವಾಸಿಗೆ ತೋರಿಸಿ ಹೆದರಿಸುವುದಕ್ಕೆ ಅಲ್ಲ. ಗಾಳಿಯಲ್ಲಿ ಒಂದು ಗುಂಡು ಹಾರಿಸಿದರೂ ನಿಮ್ಮ ದೂರಿನ ಕಥೆ ಮುಗಿಯಿತು. ಕೋವಿ ಹಬ್ಬದ ದಿನ ಪೂಜೆಗೆ ಇಡುವಂಥದ್ದು. ಅದರ ಮರ್ಯಾದೆ ಉಳಿಸಿಕೊಳ್ಳೋಣ.

112ಕ್ಕೆ ಫೋನ್ ಮಾಡಿದಾಗ ಗುರುತು ಸರಿಯಾಗಿ ಹೇಳಬೇಕು. ‘ನಮ್ಮ ತೋಟಕ್ಕೆ ಬನ್ನಿ’ ಅಂದರೆ ಯಾರಿಗೆ ಗೊತ್ತಾಗುತ್ತದೆ? ‘ಸುಂಟಿಕೊಪ್ಪದಿಂದ ಮಾದಾಪುರ ರಸ್ತೆ, ಇಷ್ಟನೇ ಕಿಲೋಮೀಟರ್, ಬಸ್ ತಂಗುದಾಣ ದಾಟಿ ಎಡಕ್ಕೆ ಹಸಿರು ಗೇಟು. ಐದು ಜನ, ಕುಡಿದಿದ್ದಾರೆ, ಬಿಳಿ ಕಾರು, ನಂಬರ್ ಇದು. ಎರಡು ಸಲ ಹೇಳಿದೆವು, ಹೋಗುತ್ತಿಲ್ಲ. ಯಾರಿಗೂ ಪೆಟ್ಟಾಗಿಲ್ಲ.’ ಈ ಮಾತನ್ನು ನಿಮ್ಮ ಜಾಗಕ್ಕೆ ತಕ್ಕ ಹಾಗೆ ಬರೆದು ಅಂಗಡಿಯ ಗೋಡೆಗೆ, ರೈಟರ ಮೇಜಿಗೆ ಅಂಟಿಸಿ. ಗಾಬರಿಯಲ್ಲಿ ನಾಲಿಗೆ ಹೊರಳುವುದಿಲ್ಲ. ಕೆಲಸದವರಿಗೂ ಓದಿ ಹೇಳಿಕೊಡಿ. ನಿಮ್ಮ ಸಿಮ್‌ಗೆ ನೆಟ್‌ವರ್ಕ್ ಇಲ್ಲದ ಕಡೆಯೂ ಬೇರೆ ಕಂಪನಿಯ ಸಿಗ್ನಲ್ ಇದ್ದರೆ 112ಕ್ಕೆ ಕರೆ ಹೋಗುತ್ತದೆ. ತೋಟದ ಯಾವ ಗುಡ್ಡದ ಮೇಲೆ ಸಿಗ್ನಲ್ ಸಿಗುತ್ತದೆ ಅಂತ ಎಲ್ಲರಿಗೂ ಗೊತ್ತಿರಲಿ.

ಕುಡಿದು ಅಂಗಡಿ ಜಗಲಿಯಲ್ಲಿ ಬಿದ್ದವರ ಮಾತು ಬೇರೆ. ಕುಡಿದ ಅಮಲಿನಲ್ಲಿ ಬೇರೆಯವರ ಜಾಗಕ್ಕೆ ನುಗ್ಗಿ ಕಿರಿಕಿರಿ ಮಾಡಿದರೆ ನ್ಯಾಯ ಸಂಹಿತೆಯ ಕಲಂ 355ರಲ್ಲಿ 24 ಗಂಟೆವರೆಗಿನ ಸಜೆ, 1,000 ರೂಪಾಯಿವರೆಗೆ ದಂಡ, ಅಥವಾ ಸಮುದಾಯ ಸೇವೆ ಇದೆ. ಆದರೆ ಜುಲೈ ತಿಂಗಳ ಮಳೆಯಲ್ಲಿ, ಆ ಚಳಿಯಲ್ಲಿ ಮಲಗಿದವನಿಗೆ ಮೊದಲು ಬೇಕಾದದ್ದು ಸಹಾಯ. ಆಗಲೂ 112 ಮಾಡಿ, ಹಾಗೆಯೇ ಹೇಳಿ.

ಹಂತ 5: ಹೋಂಸ್ಟೇಯಲ್ಲಿ ಉಳಿದುಬಿಡುವ ಅತಿಥಿ

ನಾಲ್ಕು ಜನರಿಗೆ ಕೋಣೆ ತೆಗೆದುಕೊಂಡು ರಾತ್ರಿ ಹತ್ತು ಜನ ಸೇರುವುದು, ಬೆಳಿಗ್ಗೆ ಖಾಲಿ ಮಾಡದೆ ಜಗಳ ಮಾಡುವುದು ಹೋಂಸ್ಟೇ ನಡೆಸುವ ಎಲ್ಲರಿಗೂ ಗೊತ್ತು. ಪೊಲೀಸರು ಬಂದಾಗ ಅವರು ಹೇಳುವುದು ಒಂದೇ: ‘ನಾವು ದುಡ್ಡು ಕೊಟ್ಟಿದ್ದೇವೆ.’ ಆಗ ಅದು ಹಣದ ವ್ಯವಹಾರ ಆಗಿಬಿಡುತ್ತದೆ. ಹಾಗಾಗಬಾರದು ಅಂದರೆ ಬುಕಿಂಗ್ ಸಮಯದಲ್ಲೇ ನಿಯಮ ಕಳಿಸಿ: ಎಷ್ಟು ಜನ, ಎಷ್ಟು ಗಂಟೆಗೆ ಖಾಲಿ, ನಿಯಮ ಮುರಿದರೆ ಕೋಣೆ ರದ್ದು. ‘ಸರಿ’ ಅಂತ ಉತ್ತರ ಬರಲಿ. ಬಂದ ಎಲ್ಲರ ಗುರುತಿನ ಚೀಟಿಯ ಪ್ರತಿ ತೆಗೆದುಕೊಂಡು ರಿಜಿಸ್ಟರಿನಲ್ಲಿ ಸಹಿ ಹಾಕಿಸಿ. ವಿದೇಶಿಯರಾದರೆ ಅವರ ವಿವರದ ಫಾರ್ಮ್ (ಮೊದಲು ಫಾರ್ಮ್ ಸಿ ಅನ್ನುತ್ತಿದ್ದದ್ದು) 24 ಗಂಟೆಯೊಳಗೆ ಸರ್ಕಾರಕ್ಕೆ ಹೋಗಬೇಕು.

ಕೋಣೆ ರದ್ದು ಮಾಡುವಾಗ ವಾಪಸ್ ಕೊಡಬೇಕಾದ ಹಣ ಇದ್ದರೆ ಮೊದಲು ಫೋನಿನಲ್ಲಿ ಕಳಿಸಿಬಿಡಿ. ಆಮೇಲೆ ‘ನಿಮ್ಮ ಬುಕಿಂಗ್ ಮುಗಿಯಿತು, 11 ಗಂಟೆಯೊಳಗೆ ಹೊರಡಿ’ ಅಂತ ಮೆಸೇಜ್ ಹಾಕಿ. ಒಪ್ಪಿಗೆ ಮುಗಿದ ಗಳಿಗೆ ಯಾವುದು ಅಂತ ತೋರಿಸಲು ಆ ಮೆಸೇಜ್ ಸಾಕು. ಒಂದು ಎಚ್ಚರಿಕೆ: ನಿಮ್ಮ ಹೋಂಸ್ಟೇಗೇ ನೋಂದಣಿ ಇಲ್ಲದಿದ್ದರೆ ಪೊಲೀಸರನ್ನು ಕರೆದಾಗ ಮೊದಲ ಪ್ರಶ್ನೆ ನಿಮಗೇ ಬರುತ್ತದೆ.

ಹಂತ 6: ಕ್ಯಾಮೆರಾ

ಅಂಗಡಿ ಪೂರ್ತಿ ಕಾಣಬೇಕು ಅಂತ ಮೇಲೆ ಮೂಲೆಯಲ್ಲಿ ಹಾಕುತ್ತಾರೆ. ಆಗ ಕಾಣುವುದು ಎಲ್ಲರ ತಲೆ, ಟೋಪಿ. ಒಂದು ಕ್ಯಾಮೆರಾ ಬಾಗಿಲಿನಲ್ಲಿ ಮುಖದ ಎತ್ತರಕ್ಕೆ, ಒಂದು ಗಾಡಿ ನಂಬರ್ ಕಾಣುವ ಹಾಗೆ ಗೇಟಿಗೆ. ಇವೆರಡು ಸರಿ ಇದ್ದರೆ ಉಳಿದವು ಆಮೇಲೆ. ಅತಿಥಿಗಳ ಕೋಣೆ, ಬಚ್ಚಲಿನ ಕಡೆ ತಿರುಗಿಸಿದರೆ ಅದೇ ದೊಡ್ಡ ಅಪರಾಧ.

ನಮ್ಮ ಮಳೆಗಾಲದಲ್ಲಿ ಕರೆಂಟ್ ಹೋದರೆ ಎರಡು ದಿನ ಬರದಿರುವುದೂ ಉಂಟು. ಕರೆಂಟ್ ಬಂದ ಮೇಲೆ ಕೆಲವು ಡಿವಿಆರ್ (ದೃಶ್ಯ ದಾಖಲಿಸುವ ಪೆಟ್ಟಿಗೆ) ತಪ್ಪು ಸಮಯ ತೋರಿಸುತ್ತವೆ. ಗಡಿಯಾರ ವಾರಕ್ಕೊಮ್ಮೆ ನೋಡಿ. ಸಮಯ ತಪ್ಪಿದ್ದರೆ ಕೋರ್ಟಿನಲ್ಲಿ ಎದುರಿನ ವಕೀಲರಿಗೆ ಅದೊಂದೇ ಸಾಕು. ಕನಿಷ್ಠ 30 ದಿನ ದೃಶ್ಯ ಉಳಿಯುವ ಹಾಗೆ ಹಾರ್ಡ್ ಡಿಸ್ಕ್ ಇರಲಿ.

ಘಟನೆ ಆದ ದಿನವೇ ಆ ಭಾಗವನ್ನು ಪೆನ್ ಡ್ರೈವ್‌ಗೆ ತೆಗೆದಿಡಿ, ಮೂಲವನ್ನು ಅಳಿಸಬೇಡಿ. ಪೊಲೀಸರಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕು. ಅದರಲ್ಲಿ ಎ ಭಾಗ ನೀವು ತುಂಬುವುದು, ಬಿ ಭಾಗ ತಜ್ಞರು. ನಮೂನೆ ಕಾಯ್ದೆಯಲ್ಲೇ ಇದೆ, ಠಾಣೆಯಲ್ಲೂ ಕೇಳಬಹುದು. ವಿಡಿಯೋವನ್ನು ಊರಿನ ವಾಟ್ಸಾಪ್ ಗ್ರೂಪಿಗೆ ‘ಕಳ್ಳರು, ಎಚ್ಚರ’ ಅಂತ ಹಾಕಬೇಡಿ. ಕಳ್ಳ ಅಲ್ಲ ಅಂತ ಆದರೆ ಮಾನನಷ್ಟದ ಕೇಸ್ ನಿಮಗೆ. ಬೀಟ್ ಪೊಲೀಸರಿಗೆ ಮಾತ್ರ ಕಳಿಸಿ.

ಹಂತ 7: ದೂರು ಬರೆಯುವುದು

ದೂರು ಒಂದು ಪುಟ ಸಾಕು. ನಾನು ಬರೆಯುವ ಕ್ರಮ ಇದು:

‘ನಾನು ಇಂಥ ಗ್ರಾಮದ ಸರ್ವೆ ನಂಬರ್ ಇಷ್ಟರಲ್ಲಿ ಕಾಫಿ ತೋಟ ನಡೆಸುತ್ತಿದ್ದೇನೆ. ತೋಟದ ರಸ್ತೆ ಬದಿ ಮೂರು ಕಡೆ ಪ್ರವೇಶ ಇಲ್ಲ ಎಂಬ ಬೋರ್ಡು ಇದೆ. ದಿನಾಂಕ ಇಷ್ಟರಂದು ಸಂಜೆ 4.20ಕ್ಕೆ ಇಷ್ಟು ನಂಬರಿನ ಕಾರಿನಲ್ಲಿ ಬಂದ ಐದು ಜನ ಬೇಲಿ ದಾಟಿ ಕಣಕ್ಕೆ ಬಂದರು. ನಾನು ಮತ್ತು ನಮ್ಮ ರೈಟರ್ 4.25ಕ್ಕೆ ಹೊರಗೆ ಹೋಗಲು ಹೇಳಿದೆವು. 4.30ಕ್ಕೆ ಮತ್ತೆ ಹೇಳಿದೆವು. ಅವರಲ್ಲಿ ನೀಲಿ ಅಂಗಿಯ ವ್ಯಕ್ತಿ ‘ಏನು ಮಾಡ್ತೀಯ ಮಾಡ್ಕೋ’ ಎಂದರು. 4.32ಕ್ಕೆ 112ಕ್ಕೆ ಕರೆ ಮಾಡಿದೆ. ಒಣಗಲು ಹಾಕಿದ್ದ ಮೆಣಸಿನ ಮೇಲೆ ನಡೆದು ಸುಮಾರು ಇಷ್ಟು ಕಿಲೋ ಹಾಳಾಗಿದೆ, ಇಂದಿನ ಮಾರುಕಟ್ಟೆ ಬೆಲೆ ಇಷ್ಟು. ವಿಡಿಯೋ, ಫೋಟೋ ಲಗತ್ತಿಸಿದೆ. ಕಾನೂನು ಕ್ರಮ ಕೈಗೊಳ್ಳಲು ಕೋರುತ್ತೇನೆ.’

ಅವರು ಆಡಿದ ಮಾತನ್ನು ಹಾಗೇ ಬರೆಯಿರಿ. ‘ಅವಾಚ್ಯ ಶಬ್ದಗಳಿಂದ ನಿಂದಿಸಿದರು’ ಅಂತ ಬರೆದರೆ ಏನಂದರು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಬೆಲೆ ಬರೆಯುವುದಕ್ಕೂ ಕಾರಣ ಇದೆ. ಮೆಣಸೋ ಕಾಫಿಯೋ ಕದ್ದಿದ್ದರೆ, ಕದ್ದ ಮಾಲು 5,000 ರೂಪಾಯಿಗಿಂತ ಕಡಿಮೆ ಬೆಲೆಯದ್ದಾದರೆ, ಹೊಸ ಕಾನೂನಿನಲ್ಲಿ ಅದು ಅಸಂಜ್ಞೇಯ. ಅಂದರೆ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ತೂಕ ಮಾಡಿ, ಅವತ್ತಿನ ಬೆಲೆಯ ಚೀಟಿ ಇಟ್ಟು ಬರೆಯಿರಿ. ಸುಳ್ಳು ತೂಕ ಬರೆಯಬೇಡಿ, ಪೊಲೀಸರು ಸ್ಥಳ ನೋಡಿ ಬರೆಯುವ ಮಹಜರಿನಲ್ಲಿ ಗೊತ್ತಾಗುತ್ತದೆ.

ಎಫ್ಐಆರ್ ಆದರೆ ಅದರ ಪ್ರತಿ ಉಚಿತವಾಗಿ ಕೊಡಬೇಕು, ಕೇಳಿ ಪಡೆಯಿರಿ. ಆನ್‌ಲೈನಿನಲ್ಲಿ ದೂರು ಕೊಟ್ಟಿದ್ದರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ಸ್ಥಳ ಮಹಜರಿಗೆ ಬಂದಾಗ ಕಾಲ್ಗುರುತು, ಮುರಿದ ರೆಕ್ಕೆ, ಸರಿಸಿದ ಬೇಲಿ ಹಾಗೇ ಇರಲಿ. ‘ಸ್ವಚ್ಛ ಮಾಡಿಬಿಟ್ಟೆವು ಸರ್’ ಅನ್ನುವ ಹಾಗಾಗಬಾರದು. ಪಂಚರಾಗಿ (ಮಹಜರಿನ ಸಾಕ್ಷಿಗಳಾಗಿ) ಸಹಿ ಹಾಕುವವರು ಮುಂದೆ ಕೋರ್ಟಿಗೂ ಬರಬೇಕು, ಅದನ್ನು ಅವರಿಗೆ ಮೊದಲೇ ಹೇಳಿ.

ಎಷ್ಟೋ ಸಲ ಪೊಲೀಸರು ಅವರನ್ನು ಕರೆಸಿ, ಎಚ್ಚರಿಕೆ ಕೊಟ್ಟು, ಮುಚ್ಚಳಿಕೆ ಬರೆಸಿಕೊಂಡು ಕಳಿಸುತ್ತಾರೆ. ಮೊದಲ ಸಲದ ತಪ್ಪಿಗೆ ಇದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಹಾಗಾದರೆ ನಿಮ್ಮ ಅರ್ಜಿಗೆ ಹಿಂಬರಹ, ಅಂದರೆ ಏನು ಕ್ರಮ ಆಯಿತು ಅಂತ ಠಾಣೆಯ ಬರಹದ ಉತ್ತರ, ತೆಗೆದುಕೊಳ್ಳಿ. ಅದೇ ವ್ಯಕ್ತಿ ಎರಡನೇ ಸಲ ಬಂದರೆ ‘ಗೊತ್ತಿರಲಿಲ್ಲ’ ಅನ್ನುವ ಮಾತಿಗೆ ಜಾಗವೇ ಇರುವುದಿಲ್ಲ. ಪದೇ ಪದೇ ಬಂದು ಗಲಾಟೆ ಮಾಡುವವರ ಮೇಲೆ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 126ರಲ್ಲಿ ಶಾಂತಿ ಪಾಲನೆಯ ಬಾಂಡ್ ಬರೆಸಲು ಪೊಲೀಸರು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ವರದಿ ಕೊಡಬಹುದು. ಹಳೆಯ ಸಿಆರ್‌ಪಿಸಿಯ 107 ಅಂದರೆ ಎಲ್ಲರಿಗೂ ಗೊತ್ತು.

ದೂರನ್ನೇ ತೆಗೆದುಕೊಳ್ಳದಿದ್ದರೆ ಜಗಳ ಆಡಬೇಡಿ. ಅದೇ ದೂರನ್ನು ಸ್ಪೀಡ್ ಪೋಸ್ಟಿನಲ್ಲಿ ಮಡಿಕೇರಿಯ ಜಿಲ್ಲಾ ಪೊಲೀಸ್ ಅಧೀಕ್ಷಕರಿಗೆ ಕಳಿಸಿ. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173(4) ಆ ಹಕ್ಕು ಕೊಡುತ್ತದೆ. ಅದಕ್ಕೂ ಆಗದಿದ್ದರೆ ವಕೀಲರ ಮೂಲಕ ಮ್ಯಾಜಿಸ್ಟ್ರೇಟ್ ಕೋರ್ಟು.

ಹಂತ 8: ಅಕ್ಕಪಕ್ಕದವರು

ಒಂದು ತೋಟದಿಂದ ಓಡಿಸಿದವರು ಪಕ್ಕದ ತೋಟಕ್ಕೆ ಹೋಗುತ್ತಾರೆ. ಒಂದೇ ರಸ್ತೆಯ ಆರೇಳು ತೋಟದವರು, ಅಥವಾ ಒಂದೇ ಬೀದಿಯ ಅಂಗಡಿಯವರು ಸೇರಿ ಒಂದೇ ಅರ್ಜಿ ಕೊಡಿ. ಹೂ ಬಿಡುವ ದಿನಗಳಲ್ಲಿ ರಸ್ತೆ ಬದಿ ಗಾಡಿ ನಿಲ್ಲಿಸದಂತೆ ಮಾಡಿ ಅಂತ ಒಟ್ಟಾಗಿ ಕೇಳಿದರೆ ಪೊಲೀಸರಿಗೂ ಅದು ಸಂಚಾರದ ವಿಷಯವಾಗಿ ಕಾಣುತ್ತದೆ, ಕೆಲಸ ಬೇಗ ಆಗುತ್ತದೆ. ಬೀಟ್ ಸಭೆ ಕರೆದಾಗ ಪ್ರತಿ ತೋಟದಿಂದ ಒಬ್ಬರಾದರೂ ಹೋಗಿ. ಹೊರಗಿನಿಂದ ಬಂದ ಕೆಲಸದವರ ಗುರುತಿನ ವಿವರ ಠಾಣೆಗೆ ಕೊಟ್ಟಿಡಿ. ಅವರ ಮೇಲೆ ಅನುಮಾನ ಅಂತ ಅಲ್ಲ. ಯಾರದೋ ಕಳವಿಗೆ ಅಸ್ಸಾಮಿನ ಹುಡುಗನನ್ನು ಸುಮ್ನೆ ಹಿಡಿದು ಹೊಡೆಯುವ ಪರಿಸ್ಥಿತಿ ಬರಬಾರದು ಅಂತ.

ಕೇಸ್ ಆದ ಮೇಲೆ

ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು ಅಂತ ಹೊಸ ಕಾನೂನಿನಲ್ಲಿದೆ. ತಿಂಗಳಿಗೊಮ್ಮೆ ಫೋನ್ ಮಾಡಿ ಕೇಳಿ, ದಿನಾ ಬೇಡ. ಸಮನ್ಸ್ ಬಂದರೆ ತಪ್ಪದೆ ಹೋಗಿ. ದೂರುದಾರರೇ ಹೋಗದ ಕೇಸ್ ಉಳಿಯುವುದಿಲ್ಲ. ಆ ಕಡೆಯವರು ತಪ್ಪು ಒಪ್ಪಿ, ನಷ್ಟ ಕಟ್ಟಿಕೊಡುತ್ತೇವೆ ಅಂದರೆ ರಾಜಿಗೆ ಕಾನೂನಿನಲ್ಲೇ ಅವಕಾಶ ಇದೆ. ರಾಜಿಯೂ ಬರಹದಲ್ಲಿ, ಕೋರ್ಟಿನ ಮುಂದೆ ಆಗಲಿ.

ಪಿಎಸ್ಐ, ಬೀಟ್ ಸಿಬ್ಬಂದಿ ವರ್ಗವಾಗುತ್ತಲೇ ಇರುತ್ತಾರೆ. ಹೊಸಬರು ಬಂದ ವಾರವೇ ಫೈಲ್ ಹಿಡಿದು ಮತ್ತೆ ಹೋಗಿ. ಪಹಣಿ, ಬೋರ್ಡಿನ ಫೋಟೋ, ಹಳೆಯ ಅರ್ಜಿ, ಹಿಂಬರಹ ಎಲ್ಲ ಒಂದೊಂದಾಗಿ ತೋರಿಸಿ. ಹೊರಡುವ ಮೊದಲು ಹೊಸ ಬೀಟ್ ಪೊಲೀಸರ ನಂಬರ್ ಬರೆದುಕೊಂಡು, ಗೋಡೆಗೆ ಅಂಟಿಸಿದ ಹಳೆಯ ಚೀಟಿ ತೆಗೆದು ಹೊಸದು ಅಂಟಿಸಿ.